ಆಟಿ ಮಳೆಯಲ್ಲಿ ಸಕ್ಕರೆ ಗುಲಾಬಿ: ಒಂದು ಮದುವೆ ಕೇಕಿನ ಪ್ರಕರಣ

ಈ ಪ್ರಕರಣ ಮಂಗಳೂರು ಮತ್ತು ಉಡುಪಿ ನಡುವಿನ ಒಂದು ಊರಿನದು. ಮನೆಯಲ್ಲೇ ಕೇಕ್ ಮಾಡಿ ಮಾರುವ ಒಬ್ಬರು, ಅವರ ಮೊದಲ ದೊಡ್ಡ ಮದುವೆ ಆರ್ಡರ್, ಜುಲೈ ತಿಂಗಳ ಮಳೆ. ಇಲ್ಲಿ ಅವರನ್ನು ಲತಾ ಅಂತ ಕರೆಯುತ್ತೇನೆ. ಅದು ಅವರ ನಿಜ ಹೆಸರಲ್ಲ. ಗಿರಾಕಿಯ ಮನೆಯವರ ಗುರುತು ಹಿಡಿಯಬಹುದಾದ ವಿವರಗಳನ್ನೂ ಬದಲಿಸಿದ್ದೇನೆ. ನಾನು ಕೇಕ್ ಅಲಂಕಾರ ಕಲಿಸುವವಳು. ಈ ಆರ್ಡರ್ ಅರ್ಧ ದಾರಿಯಲ್ಲಿದ್ದಾಗ ಲತಾ ನನಗೆ ಫೋನ್ ಮಾಡಿದರು. ಅಲ್ಲಿಂದ ಮುಂದಿನದಕ್ಕೆ ನಾನೂ ಸಾಕ್ಷಿ. ಒಂದು ತಪ್ಪು ಸಲಹೆಯಲ್ಲಿ ಪಾಲುದಾರಳು ಕೂಡ.

ಹಿನ್ನೆಲೆ

ಲತಾ ನಾಲ್ಕು ವರ್ಷದಿಂದ ಹುಟ್ಟುಹಬ್ಬದ ಕೇಕ್, ಕಪ್ ಕೇಕ್ ಮಾಡುತ್ತಿದ್ದರು. ಕೈ ಬಹಳ ಅಚ್ಚುಕಟ್ಟು. ಒಂದು ಫೆಬ್ರವರಿಯಲ್ಲಿ ಬೆಂಗಳೂರಿಗೆ ಹೋಗಿ ಎರಡು ದಿನದ ತರಗತಿಯಲ್ಲಿ ಸಕ್ಕರೆ ಹೂವು ಕಲಿತು ಬಂದರು. ಅಲ್ಲಿ ಹೇಳಿಕೊಟ್ಟ ವಿಧಾನ ಸುಲಭದ್ದು. ಅಂಗಡಿಯಲ್ಲಿ ಸಿಗುವ ಫಾಂಡಂಟ್‌ಗೆ (ಕೇಕ್ ಹೊದಿಸುವ ಮೆತ್ತನೆಯ ಸಕ್ಕರೆ ಹಿಟ್ಟು) ಸ್ವಲ್ಪ ಸಿಎಂಸಿ ಪುಡಿ (ಹಿಟ್ಟನ್ನು ಬಿಗಿ ಮಾಡುವ ಅಂಟು ಪುಡಿ) ಹಾಕಿ ನಾದುವುದು, ತೆಳ್ಳಗೆ ಲಟ್ಟಿಸುವುದು, ಕಟರ್‌ನಿಂದ ಕತ್ತರಿಸುವುದು, ಅಂಚು ತಿದ್ದಿ ಒಣಗಲು ಬಿಡುವುದು. ಬೆಂಗಳೂರಿನಲ್ಲಿ ಸಂಜೆ ಮಾಡಿದ ಗುಲಾಬಿ ಬೆಳಿಗ್ಗೆ ಹಪ್ಪಳದಂತೆ ಗಟ್ಟಿಯಾಗಿತ್ತಂತೆ. ಊರಿಗೆ ಬಂದು ಮಾರ್ಚ್‌ನಲ್ಲಿ ಒಂದೆರಡು ಸಣ್ಣ ಕೇಕಿಗೆ ಮಾಡಿದರು. ಆಗಲೂ ತೊಂದರೆ ಆಗಲಿಲ್ಲ.

ಜೂನ್ ಮೊದಲ ವಾರ ಮದುವೆಯ ಆರ್ಡರ್ ಬಂತು. ತುಳುವರ ಮನೆಗಳಲ್ಲಿ ಆಟಿ ತಿಂಗಳಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ) ಮದುವೆ ಇಡುವುದಿಲ್ಲ, ಹಾಗಾಗಿ ಲತಾಗೆ ಜುಲೈ ಯಾವಾಗಲೂ ಖಾಲಿ ತಿಂಗಳು. ಈ ಗಿರಾಕಿ ಕ್ರಿಶ್ಚಿಯನ್ ಕುಟುಂಬ, ಗಲ್ಫ್‌ನಲ್ಲಿ ಇರುವವರು. ಅಲ್ಲಿ ಶಾಲೆಗೆ ರಜೆ ಸಿಗುವುದೇ ಜುಲೈ, ಆಗಸ್ಟ್‌ನಲ್ಲಿ. ನೆಂಟರೆಲ್ಲ ಊರಿಗೆ ಬರುವುದೂ ಆಗಲೇ. ಮದುವೆ ಜುಲೈ ಕೊನೆಯ ವಾರಕ್ಕೆ ನಿಗದಿಯಾಗಿತ್ತು.

ಹುಡುಗಿ ಕಳಿಸಿದ ಫೋಟೊದಲ್ಲಿ ಮೂರು ಅಂತಸ್ತಿನ ಬಿಳಿ ಕೇಕ್. ಮೇಲಿಂದ ಕೆಳಗೆ ಇಳಿದು ಬರುವ ತಿಳಿ ಗುಲಾಬಿ ಬಣ್ಣದ ಹೂಗಳು: 7 ದೊಡ್ಡ ಗುಲಾಬಿ, 5 ಪಿಯೊನಿ (ಚಳಿ ದೇಶಗಳ ತುಂಬು ಎಸಳಿನ ದೊಡ್ಡ ಹೂವು), ನಡುವೆ ಸಣ್ಣ ಹೂಗಳು. ಜೊತೆಗೆ ಮಕ್ಕಳಿಗೆ 60 ಕಪ್ ಕೇಕ್, ಒಂದೊಂದರ ಮೇಲೆ ಐದು ಎಸಳಿನ ಪುಟ್ಟ ಹೂವು. ಲತಾ ಒಪ್ಪಿಕೊಂಡರು, ಮುಂಗಡವನ್ನೂ ತೆಗೆದುಕೊಂಡರು. ಫೋಟೊ ಚಳಿ ದೇಶದ್ದು ಅಂತ ಆಗ ಯಾರಿಗೂ ಹೊಳೆಯಲಿಲ್ಲ.

ಸಮಸ್ಯೆ

ಮದುವೆಗೆ ಒಂದು ತಿಂಗಳು ಇರುವಾಗ ಲತಾ ಹೂವು ಶುರು ಮಾಡಿದರು. ಬೇಗ ಶುರು ಮಾಡಿದ್ದು ಈ ಇಡೀ ಪ್ರಕರಣದಲ್ಲಿ ಅವರು ತೆಗೆದುಕೊಂಡ ಅತಿ ಒಳ್ಳೆಯ ನಿರ್ಧಾರ. ಅದೊಂದು ಇಲ್ಲದಿದ್ದರೆ ಮುಂದಿನ ಯಾವುದಕ್ಕೂ ಸಮಯ ಇರುತ್ತಿರಲಿಲ್ಲ.

ಮೊದಲ ಗುಲಾಬಿ ಮುಗಿದ ದಿನ ಚೆನ್ನಾಗಿಯೇ ಇತ್ತು. ಮಾರನೇ ದಿನ ಮುಟ್ಟಿದರೆ ಇನ್ನೂ ಮೆತ್ತಗೆ. ಧೂಳು ಬೀಳಬಾರದು ಅಂತ ಅದನ್ನು ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಿಟ್ಟರು. ಐದನೇ ದಿನ ತೆಗೆದು ನೋಡಿದಾಗ ಹೊರಗಿನ ಎಸಳುಗಳು ಒಂದರ ಮೇಲೊಂದು ಒರಗಿದ್ದವು, ರಾತ್ರಿ ಮುಡಿದು ಮಲಗಿ ಎದ್ದ ಹೂವಿನ ಹಾಗೆ. ಪಿಯೊನಿಯ ಸ್ಥಿತಿ ಇನ್ನೂ ಕೆಟ್ಟದಿತ್ತು. ಅದರ ಹೊರ ಎಸಳು ಒಂದೊಂದೂ ಪ್ರತ್ಯೇಕ ತಂತಿಯ ಮೇಲೆ ನಿಲ್ಲುತ್ತದೆ, ಕಾಗದದಷ್ಟು ತೆಳು. ಅವು ತಂತಿಯಿಂದ ಜಾರಿ ಕೆಳಗೆ ಬಂದಿದ್ದವು. ತಂತಿ ಸುಮ್ನೆ ಮೇಲೆ ಚಾಚಿಕೊಂಡಿತ್ತು.

ಏನೇನು ಮಾಡಿ ನೋಡಿದರು

ಮುಂದಿನ ಆರು ದಿನ ಲತಾ ಕೈಗೆ ಸಿಕ್ಕಿದ ಉಪಾಯವನ್ನೆಲ್ಲ ಮಾಡಿದರು. ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ನಮ್ಮಲ್ಲಿ ಹೆಚ್ಚಿನವರು ಮಾಡುವುದೂ ಇವನ್ನೇ.

ಮೊದಲು ಫ್ರಿಜ್. ಒಳಗೆ ಹೂವು ಗಟ್ಟಿಯಾದಂತೆ ಕಂಡಿತು. ಹೊರಗೆ ತೆಗೆದ ಹತ್ತು ನಿಮಿಷದಲ್ಲಿ ಮೈಯೆಲ್ಲ ನೀರಿನ ಹನಿ. ತಂಪು ಹೂವಿಗೆ ಹಸಿ ಗಾಳಿ ತಗಲಿದರೆ ಇಬ್ಬನಿ ಕೂರದೆ ಇರುತ್ತದಾ? ತಣ್ಣೀರು ತುಂಬಿದ ಲೋಟ ಬೆವರುವ ಹಾಗೆಯೇ ಅದು.

ಆಮೇಲೆ ಅಕ್ಕಿ. ಡಬ್ಬಿಯ ತಳಕ್ಕೆ ಅಕ್ಕಿ ಹಾಕಿ ಮೇಲೆ ಹೂವು ಇಟ್ಟರು. ಮಳೆಗಾಲದ ಅಕ್ಕಿಯಲ್ಲೇ ಬೇಕಾದಷ್ಟು ತೇವ ಇರುತ್ತದೆ. ಪ್ರಯೋಜನ ಆಗಲಿಲ್ಲ.

ಹೇರ್ ಡ್ರೈಯರ್ ಹಿಡಿದರು. ಎಸಳಿನ ಮೇಲ್ಮೈ ಮಾತ್ರ ಒಣಗಿ ಬಿರುಕು ಬಿಟ್ಟಿತು, ಒಳಗೆ ಹಸಿಯಾಗೇ ಉಳಿಯಿತು.

ಓವನ್ ಹಚ್ಚದೆ ಒಳಗಿನ ಬಲ್ಬ್ ಮಾತ್ರ ಉರಿಸಿ ರಾತ್ರಿಯಿಡೀ ಹೂವು ಇಟ್ಟರು. ಇದು ಕೆಲಸ ಮಾಡಿತು! ಬೆಳಿಗ್ಗೆ ಹೂವು ಗಟ್ಟಿ. ಲತಾ ಖುಷಿಯಿಂದ ಮೇಜಿನ ಮೇಲಿಟ್ಟು ಮಗುವನ್ನು ಶಾಲೆಗೆ ಬಿಟ್ಟು ಬಂದರು. ಬರುವಷ್ಟರಲ್ಲಿ ಅಂಚುಗಳು ಮತ್ತೆ ಮೆತ್ತಗಾಗಿದ್ದವು.

ನನಗೆ ಫೋನ್ ಬಂದದ್ದು ಈ ಉಪಾಯಗಳ ನಡುವೆ. ನಾನು ಪೂರ್ತಿ ವಿಚಾರಿಸದೆ, "ಸಿಎಂಸಿ ಸ್ವಲ್ಪ ಜಾಸ್ತಿ ಹಾಕಿ ನೋಡಿ" ಅಂದುಬಿಟ್ಟೆ. ಅದು ತಪ್ಪು ಸಲಹೆ. ಸಿಎಂಸಿ ಜಾಸ್ತಿಯಾದರೆ ಹಿಟ್ಟು ಕೈಯಲ್ಲೇ ಬಿಗಿಯಾಗುತ್ತದೆ, ಲಟ್ಟಿಸುವಾಗ ಅಂಚು ಒಡೆಯುತ್ತದೆ. ಆ ಪುಡಿಯೇ ಗಾಳಿಯ ನೀರನ್ನು ಹೀರುವ ಜಾತಿಯದು. ಎರಡು ದಿನದ ಕೆಲಸ ನನ್ನ ಮಾತಿನಿಂದ ಹಾಳಾಯಿತು. ಈಗ ಯಾರೇ ಫೋನ್ ಮಾಡಿದರೂ ಮೊದಲು ಎರಡು ಪ್ರಶ್ನೆ ಕೇಳುತ್ತೇನೆ. ಯಾವ ಊರು? ಯಾವ ಕೋಣೆಯಲ್ಲಿ ಒಣಗಿಸುತ್ತಿದ್ದೀರಿ?

ತಿರುವು

ಹನ್ನೊಂದನೇ ದಿನ ನಾನು ಅವರ ಮನೆಗೆ ಹೋದೆ. ಬೆಳಿಗ್ಗೆ ಹತ್ತು ಗಂಟೆ. ಹೊರಗೆ ಒಂದೇ ಸಮ ಮಳೆ. ಹೂವಿನ ತಟ್ಟೆಗಳು ಅಡುಗೆಮನೆಯ ಕಪಾಟಿನ ಮೇಲೆ. ಪಕ್ಕದಲ್ಲೇ ಗ್ಯಾಸ್ ಒಲೆ, ಅದರ ಮೇಲೆ ಕುಚ್ಚಲಕ್ಕಿ ಬೇಯುತ್ತಿತ್ತು. ಕುಚ್ಚಲಕ್ಕಿ ಬೇಯಲು ಎಷ್ಟು ಹೊತ್ತು ಬೇಕು ಅಂತ ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಆ ಹೊತ್ತಿನುದ್ದಕ್ಕೂ ಹಬೆ ನೇರ ಹೂವಿನ ಕಡೆಗೆ ಹೋಗುತ್ತಿತ್ತು. ಗ್ಯಾಸ್ ಉರಿಯುವಾಗಲೂ ನೀರಾವಿ ಹುಟ್ಟುತ್ತದೆ, ಅದು ಕಣ್ಣಿಗೆ ಕಾಣುವುದಿಲ್ಲ ಅಷ್ಟೆ.

ನಾನು ಒಂದು ಸಣ್ಣ ತೇವಾಂಶ ಮೀಟರ್ ಒಯ್ದಿದ್ದೆ. ಕೆಲವು ನೂರು ರೂಪಾಯಿಗೆ ಸಿಗುವಂಥದ್ದು. ಅಡುಗೆಮನೆಯಲ್ಲಿ 88% ತೋರಿಸಿತು. ಹಾಲ್‌ನಲ್ಲಿ 84%. ಅತ್ತೆಯವರು ಮಲಗುವ ಕೋಣೆಯಲ್ಲಿ ಎಸಿ ಇತ್ತು. ಅದನ್ನು ಗಾಳಿಯ ತೇವ ತೆಗೆಯುವ ಡ್ರೈ ಮೋಡ್‌ಗೆ ಹಾಕಿ ಬಾಗಿಲು ಮುಚ್ಚಿ ಒಂದು ಗಂಟೆ ಬಿಟ್ಟು ನೋಡಿದೆವು. 55%.

ಲತಾ ಆ ಮೂರು ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಸ್ವಲ್ಪ ಹೊತ್ತು ನೋಡುತ್ತಾ ಕುಳಿತರು. ಆಮೇಲೆ, "ಹಾಗಾದರೆ ಟೀಚರ್, ನನ್ನ ಕೈಯಲ್ಲಿ ತಪ್ಪಿಲ್ಲ ಅಲ್ವಾ?" ಅಂದರು. ಹನ್ನೊಂದು ದಿನ ಅವರು ತಮ್ಮ ಕೈಯನ್ನೇ ಬೈದುಕೊಂಡಿದ್ದರು. ಅದು ಕೇಳಿ ನನಗೆ ಬೇಸರವಾಯಿತು.

ಇಲ್ಲಿ ನಡೆಯುತ್ತಿದ್ದ ವಿಷಯ ಇಷ್ಟು. ಸಕ್ಕರೆಗೂ ಗಾಳಿಗೂ ನೀರಿನ ಕೊಡುಕೊಳ್ಳುವಿಕೆ ನಡೆಯುತ್ತಲೇ ಇರುತ್ತದೆ. ಗಾಳಿ ಒಣಗಿದ್ದರೆ ಹೂವು ನೀರು ಕೊಡುತ್ತದೆ, ಹಸಿಯಾಗಿದ್ದರೆ ತೆಗೆದುಕೊಳ್ಳುತ್ತದೆ. ಗಾಳಿಯ ತೇವಾಂಶ ಸುಮಾರು 85% ದಾಟಿದರೆ ಶುದ್ಧ ಸಕ್ಕರೆಯೇ ನೀರು ಹೀರಿ ಕರಗತೊಡಗುತ್ತದೆ. ಉಪ್ಪಿಗೆ ಈ ಮಿತಿ ಇನ್ನೂ ಕಡಿಮೆ, ಸುಮಾರು 75%. ಮಳೆಗಾಲದಲ್ಲಿ ಉಪ್ಪಿನ ಭರಣಿಯಲ್ಲಿ ನೀರು ಒಸರುವುದನ್ನು ನಾವೆಲ್ಲ ನೋಡಿದ್ದೇವಲ್ಲ, ಅದೇ ಕಾರಣ. ಅಂಗಡಿಯ ಫಾಂಡಂಟ್‌ನಲ್ಲಿ ಮೆತ್ತಗೆ ಇರಲಿ ಅಂತಲೇ ಗ್ಲಿಸರಿನ್, ಗ್ಲೂಕೋಸ್ ಸಿರಪ್ ಹಾಕಿರುತ್ತಾರೆ. ಅವು ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಕೇಕ್ ಹೊದಿಸಲು ಅದು ಒಳ್ಳೆಯ ಗುಣ, ಹೂವಿಗೆ ಕೆಟ್ಟ ಗುಣ. ಫೆಬ್ರವರಿಯ ಬೆಂಗಳೂರಿನ ಒಣ ಗಾಳಿಯಲ್ಲಿ ಆ ದೋಷ ಮುಚ್ಚಿಹೋಗಿತ್ತು. ಮಂಗಳೂರಿನ ಕಡೆ ಜುಲೈ ಒಂದೇ ತಿಂಗಳಲ್ಲಿ ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ. ಇಲ್ಲಿ ಅದು ಹೊರಗೆ ಬಂತು.

ಓವನ್ ಬಲ್ಬ್ ಯಾಕೆ ಕೆಲಸ ಮಾಡಿತು ಅನ್ನುವುದೂ ಇದರಿಂದ ಅರ್ಥವಾಗುತ್ತದೆ. 25 ಡಿಗ್ರಿಯಲ್ಲಿ 90% ತೇವ ಇರುವ ಗಾಳಿಯನ್ನು 35 ಡಿಗ್ರಿಗೆ ಬಿಸಿ ಮಾಡಿದರೆ ತೇವಾಂಶ ಸುಮಾರು 50%ಕ್ಕೆ ಇಳಿಯುತ್ತದೆ. ನೀರು ಅಷ್ಟೇ ಇರುತ್ತದೆ, ಬಿಸಿ ಗಾಳಿಗೆ ಹೊರುವ ಶಕ್ತಿ ಜಾಸ್ತಿ. ಆದರೆ ಒಣಗಿದ ಹೂವನ್ನು ಮತ್ತೆ 88%ಕ್ಕೆ ತಂದಿಟ್ಟರೆ ಅದು ಕುಡಿದೇ ಕುಡಿಯುತ್ತದೆ. ನಮ್ಮ ಮನೆಗಳಲ್ಲಿ ಹಲಸಿನ ಹಪ್ಪಳವನ್ನು ಮೇ ಬಿಸಿಲಲ್ಲಿ ಒಣಗಿಸಿ, ಬಿಸಿ ಆರುವಷ್ಟರಲ್ಲಿ ಡಬ್ಬಿಗೆ ತುಂಬಿ ಬಿಗಿಯಾಗಿ ಮುಚ್ಚುತ್ತಾರೆ. ಆಟಿಯಲ್ಲಿ ಹಪ್ಪಳ ಒತ್ತಲು ಯಾರೂ ಕೂರುವುದಿಲ್ಲ. ಅದೇ ಅಡುಗೆಮನೆಯಲ್ಲಿ ನಿಂತು ಸಕ್ಕರೆ ಹೂವಿಗೆ ಬೇರೆ ನಿಯಮ ಅಂತ ನಾವು ಯಾಕೆ ಅಂದುಕೊಂಡೆವೋ ಗೊತ್ತಿಲ್ಲ.

ಆವತ್ತೇ ಒಂದು ಪರೀಕ್ಷೆ ಶುರು ಮಾಡಿದೆವು. ಎರಡು ಬಗೆಯ ಹಿಟ್ಟು, ಎರಡು ಕೋಣೆ, ನಾಲ್ಕು ತಟ್ಟೆ. ಒಂದು ಹಿಟ್ಟು ಅವರ ಫಾಂಡಂಟ್ ಮತ್ತು ಸಿಎಂಸಿ. ಇನ್ನೊಂದು ಮೊಟ್ಟೆಯ ಬಿಳಿಯ ಗಮ್ ಪೇಸ್ಟ್, ನಾನು ಮಾಡಿ ಒಯ್ದಿದ್ದು. ಅದರ ಅಳತೆ: ಒಂದು ಮೊಟ್ಟೆಯ ಬಿಳಿ, ಅಂದರೆ ಸುಮಾರು 30 ಗ್ರಾಂ, ಐಸಿಂಗ್ ಶುಗರ್ 225 ಗ್ರಾಂ, ಟೈಲೋಸ್ ಪುಡಿ 3 ಮಟ್ಟ ಟೀ ಚಮಚ, ಶಾರ್ಟನಿಂಗ್ (ವನಸ್ಪತಿಯಂಥ ಗಟ್ಟಿ ಕೊಬ್ಬು) 1 ಟೀ ಚಮಚ. ಟೈಲೋಸ್ ಅಂದರೂ ಸಿಎಂಸಿ ಅಂದರೂ ಒಂದೇ ಜಾತಿಯ ಪುಡಿ. ಬಿಳಿಯನ್ನು ಕಡೆದು, ಸಕ್ಕರೆಯಲ್ಲಿ ಒಂದು ಹಿಡಿ ಬದಿಗಿಟ್ಟು ಉಳಿದದ್ದನ್ನು ಸೇರಿಸಿ, ಮೆತ್ತನೆಯ ರಾಯಲ್ ಐಸಿಂಗ್ (ಮೊಟ್ಟೆಯ ಬಿಳಿ, ಸಕ್ಕರೆ ಪುಡಿ ಕಡೆದ ಲೇಪ) ಹದಕ್ಕೆ ಬಂದಾಗ ಟೈಲೋಸ್ ಉದುರಿಸಬೇಕು. ಕೂಡಲೇ ದಪ್ಪವಾಗುತ್ತದೆ. ಉಳಿದ ಸಕ್ಕರೆ ಮತ್ತು ಶಾರ್ಟನಿಂಗ್ ಸೇರಿಸಿ ನಾದಿ, ಪ್ಲಾಸ್ಟಿಕ್‌ನಲ್ಲಿ ಬಿಗಿಯಾಗಿ ಸುತ್ತಿ, ಒಂದು ದಿನ ಫ್ರಿಜ್‌ನಲ್ಲಿ ಇಟ್ಟು ಬಳಸಬೇಕು. ಇದರಲ್ಲಿ ಗ್ಲಿಸರಿನ್ ಇಲ್ಲ, ಗ್ಲೂಕೋಸ್ ಇಲ್ಲ.

ಮರುದಿನ ಲತಾ ಫೋನ್‌ನಲ್ಲಿ ಒಂದೊಂದೇ ತಟ್ಟೆ ಓದಿ ಹೇಳಿದರು. ಅಡುಗೆಮನೆಯ ಫಾಂಡಂಟ್ ಎಸಳು ಮಡಚಿ ಬಿದ್ದಿತ್ತು. ಅಡುಗೆಮನೆಯ ಗಮ್ ಪೇಸ್ಟ್ ನಿಂತಿತ್ತು, ಆದರೆ ಅಂಚು ಬಾಗುತ್ತಿತ್ತು. ಎಸಿ ಕೋಣೆಯ ಫಾಂಡಂಟ್ ಚರ್ಮದ ಹಾಗೆ, ಗಟ್ಟಿಯೂ ಅಲ್ಲ, ಮೆತ್ತಗೂ ಅಲ್ಲ. ಎಸಿ ಕೋಣೆಯ ಗಮ್ ಪೇಸ್ಟ್ ಎಸಳನ್ನು ಎತ್ತಿ ಸ್ಟೀಲ್ ತಟ್ಟೆಗೆ ತಟ್ಟಿದರು. "ಕೇಳಿಸ್ತಾ?" ಅಂದರು. ಟಣ್ ಅಂತ ಪಿಂಗಾಣಿ ಚೂರಿನ ಸದ್ದು. ಒಣಗಿದೆಯೋ ಇಲ್ಲವೋ ಅಂತ ತಿಳಿಯಲು ನಾನು ಈಗಲೂ ಕಲಿಸುವುದು ಈ ಸದ್ದನ್ನೇ. ಬೆರಳಿನಿಂದ ಒತ್ತಿ ನೋಡಿದರೆ ಎಸಳು ಮುರಿಯುತ್ತದೆ.

ಕಷ್ಟದ ನಿರ್ಧಾರಗಳು

ಉಳಿದಿದ್ದು 18 ದಿನ. ಹಳೆಯ 4 ಗುಲಾಬಿ, 3 ಪಿಯೊನಿಗಳನ್ನು ಉಳಿಸಿಕೊಳ್ಳೋಣ, ಎಸಿ ಕೋಣೆಯಲ್ಲಿಟ್ಟರೆ ಸರಿಯಾದೀತು ಅನ್ನುವ ಆಸೆ ಲತಾಗೆ ಇತ್ತು. ನನಗೂ ಅವನ್ನು ಎಸೆಯಿರಿ ಅನ್ನಲು ಬಾಯಿ ಬರಲಿಲ್ಲ. ಕೊನೆಗೆ ಅವರೇ ತಂತಿ ಬಿಡಿಸಿ, ಎಸಳುಗಳನ್ನೆಲ್ಲ ಬುಟ್ಟಿಗೆ ಹಾಕಿದರು.

ಎರಡನೆಯದು ಕೋಣೆ. ಅತ್ತೆಯವರು 18 ದಿನ ಹಾಲ್‌ನಲ್ಲಿ ಮಲಗಬೇಕು. ಲತಾ ಕೇಳಲು ಹಿಂದೆ ಮುಂದೆ ನೋಡಿದರು. ಗಂಡ ಕೇಳಿದರು. ಅತ್ತೆಯವರು, "ಹೂವಿಗೆ ಎಸಿ, ನನಗೆ ಸೊಳ್ಳೆ" ಅಂತ ಗೊಣಗಿದರೂ ಹಾಸಿಗೆ ಎತ್ತಿಕೊಟ್ಟರು. ಮನೆಯಲ್ಲಿ ದುಡಿಯುವ ಹೆಂಗಸರಿಗೆ ಜಾಗ ಬಿಟ್ಟುಕೊಡುವುದು ಸಣ್ಣ ವಿಷಯವಲ್ಲ. ಅದು ಸಿಗದೆ ಎಷ್ಟೋ ಒಳ್ಳೆಯ ಕೈಗಳು ಅಲ್ಲಲ್ಲೇ ನಿಂತುಹೋಗಿರುವುದನ್ನು ನಾನು ನೋಡಿದ್ದೇನೆ.

ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು: ಗಿರಾಕಿಗೆ ಹೇಳುವುದು. ಎಸಿ ಇದ್ದರೂ ಪಿಯೊನಿ ಅಪಾಯವೇ. ಮದುವೆ ಹಾಲ್‌ನಲ್ಲಿ ಬಾಗಿಲು ತೆರೆದೇ ಇರುತ್ತದೆ, ಜನ ಒದ್ದೆ ಕೊಡೆ ಹಿಡಿದು ಒಳಗೆ ಬರುತ್ತಾರೆ. ಗುಲಾಬಿಯ ಎಸಳುಗಳು ಒಂದಕ್ಕೊಂದು ಒತ್ತಾಸೆಯಾಗಿ ನಿಲ್ಲುತ್ತವೆ. ಸ್ವಲ್ಪ ಮೆತ್ತಗಾದರೂ ರೂಪ ಕೆಡುವುದು ನಿಧಾನ. ಪಿಯೊನಿಯ ಹೊರ ಎಸಳಿಗೆ ಆಸರೆಯೇ ಇಲ್ಲ. ಲತಾ ಹುಡುಗಿಯ ತಾಯಿಗೆ ಫೋನ್ ಮಾಡಿದರು. ನಾನು ಪಕ್ಕದಲ್ಲೇ ಇದ್ದೆ.

"ಆಂಟಿ, ಒಂದು ವಿಷಯ ಹೇಳ್ಬೇಕಿತ್ತು. ಫೋಟೊದಲ್ಲಿರುವ ದೊಡ್ಡ ಹೂವು ಈ ಮಳೆಗೆ ನಿಲ್ಲುವುದಿಲ್ಲ. ನಾನು ಮಾಡಿ ನೋಡಿದೆ, ಬಿತ್ತು."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಎಂತ ಮಾರಾಯ್ತಿ, ಇದನ್ನು ಮೊದಲೇ ಹೇಳ್ಬೇಕಲ್ವಾ?"

"ನನಗೇ ಗೊತ್ತಿರಲಿಲ್ಲ ಆಂಟಿ. ಗೊತ್ತಾದ ಕೂಡಲೇ ಹೇಳ್ತಾ ಇದ್ದೇನೆ. ಗುಲಾಬಿ ಮಾಡಿಕೊಡ್ತೇನೆ. ಪಿಯೊನಿ ಬದಲಿಗೆ ಮಲ್ಲಿಗೆ ಮಾಡ್ಲಾ?"

"ಮಲ್ಲಿಗೆ? ಕೇಕಿನ ಮೇಲಾ?" ಅಂದರು ಅವರು. ಹುಡುಗಿಯನ್ನು ಕೇಳಿ ಹೇಳುವುದಾಗಿ ಹೇಳಿ ಫೋನ್ ಇಟ್ಟರು. ಎರಡು ದಿನ ಸುದ್ದಿಯಿಲ್ಲ. ಲತಾಗೆ ಆ ಎರಡು ದಿನ ನಿದ್ದೆಯೂ ಇಲ್ಲ. ಮೂರನೇ ದಿನ ಹುಡುಗಿಯೇ ಫೋನ್ ಮಾಡಿದಳು. "ಅಕ್ಕ, ಮಲ್ಲಿಗೆ ಹೇಗೆ ಕಾಣ್ತದೆ ಅಂತ ಒಂದು ಫೋಟೊ ಕಳಿಸಿ."

ಮಲ್ಲಿಗೆಯ ಯೋಚನೆ ಪೂರ್ತಿ ಲತಾ ಅವರದು, ನನ್ನದಲ್ಲ. ಕರಾವಳಿಯ ಮದುವೆ ಯಾವ ಮನೆಯದಾದರೂ ಮಲ್ಲಿಗೆ ಬೇಕೇ ಬೇಕು. ಶಂಕರಪುರದ ಮಲ್ಲಿಗೆಗೆ ಉಡುಪಿ ಮಲ್ಲಿಗೆ ಅಂತ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಆದರೆ ಅವರು ಅದನ್ನು ಆರಿಸಿದ್ದು ಕೆಲಸದ ಕಾರಣಕ್ಕೆ. ಮೊಗ್ಗಿಗೆ ಬೀಳಲು ಎಸಳೇ ಇಲ್ಲ! ಮೆತ್ತಗಾದರೂ ಅದು ಮೊಗ್ಗಾಗಿಯೇ ಇರುತ್ತದೆ.

ಅವರು ಮೊಗ್ಗು ಮಾಡುವುದನ್ನು ನಾನು ಹತ್ತಿರ ಕುಳಿತು ನೋಡಿದೆ. ಉದ್ದಿನ ಕಾಳಿನಷ್ಟು ಬಿಳಿ ಹಿಟ್ಟು. ಅಂಗೈಯಲ್ಲಿ ಒಮ್ಮೆ ಉರುಟು ಮಾಡಿ, ತೋರುಬೆರಳಿನಿಂದ ಒಂದೇ ಬದಿಗೆ ಒತ್ತಿ ಹೊರಳಿಸಿದರೆ ಒಂದು ತುದಿ ಚೂಪಾಗುತ್ತದೆ. ಸೂಜಿಯಿಂದ ಮೂರು ಗೀರು, ನೇರ ಎಳೆಯದೆ ಸ್ವಲ್ಪ ತಿರುಚಿ. ಬಿರಿಯುವ ಮೊದಲು ಎಸಳು ಸುತ್ತಿಕೊಂಡಿರುವುದು ಹಾಗೆಯೇ ಅಲ್ವಾ? ಒಣಗಿದ ಮೇಲೆ ಬುಡಕ್ಕೆ ಕುಂಚದ ತುದಿಯಲ್ಲಿ ತಿಳಿ ಹಸಿರು ಪುಡಿ. ಒಂದಕ್ಕೆ ಮುಕ್ಕಾಲು ನಿಮಿಷ. ತಂತಿ ಬೇಡ, ಕಟರ್ ಬೇಡ. ಮೊದಲ ಹತ್ತು ಮೊಗ್ಗುಗಳನ್ನು ಪೇಟೆಯಿಂದ ತಂದ ನಿಜ ಮಲ್ಲಿಗೆಯ ಪಕ್ಕ ಇಟ್ಟು ಫೋಟೊ ಕಳಿಸಿದರು. ಹುಡುಗಿ ಒಪ್ಪಿದಳು.

ಕೊನೆಗೆ ಉಳಿದ ವಿನ್ಯಾಸ ಹೀಗೆ: ಮೇಲೆ ಮತ್ತು ಬದಿಯಲ್ಲಿ 7 ಗುಲಾಬಿ. ಪ್ರತಿ ಅಂತಸ್ತಿನ ಬುಡದ ಸುತ್ತ ಕಟ್ಟಿದ ಮಲ್ಲಿಗೆ ಮಾಲೆಯಂತೆ ಮೊಗ್ಗುಗಳ ಸಾಲು, ನಡುವೆ ಬಾಳೆನಾರಿನ ಬಣ್ಣದ ರಾಯಲ್ ಐಸಿಂಗ್ ಎಳೆ. ಒಟ್ಟು 420 ಮೊಗ್ಗು. ನಿಜ ಮಲ್ಲಿಗೆಯನ್ನು ಕಟ್ಟಿ ಮಾರುವ ಅಳತೆ ಚೆಂಡು, ಒಂದು ಚೆಂಡಿನಲ್ಲಿ 800 ಹೂವು, ಹಾಗಾಗಿ ಅದು ಅರ್ಧ ಚೆಂಡಿಗಿಂತ ಸ್ವಲ್ಪ ಜಾಸ್ತಿ.

ಇನ್ನೆರಡು ನಿರ್ಧಾರಗಳು ಮಕ್ಕಳಿಗೆ ಸಂಬಂಧಿಸಿದ್ದು. ಕಪ್ ಕೇಕಿನ ಹೂವು ಮಕ್ಕಳ ಬಾಯಿಗೆ ಹೋಗುವಂಥದ್ದು. ಅದಕ್ಕೆ ಹಸಿ ಮೊಟ್ಟೆಯ ಬಿಳಿ ಬೇಡ, ಮೆರಾಂಗ್ ಪುಡಿ (ಒಣಗಿಸಿದ ಮೊಟ್ಟೆ ಬಿಳಿಯ ಪುಡಿ) ಬಳಸಿ ಅಂದೆ. ಮಾಲೆಯ ಮೊಗ್ಗಿಗೂ ಅದನ್ನೇ ಬಳಸಿದರು. ಹಸಿ ಬಿಳಿಯ ಹಿಟ್ಟು ಯಾರೂ ತಿನ್ನದ ತಂತಿ ಗುಲಾಬಿಗೆ ಮಾತ್ರ. ಇನ್ನೊಂದು, ಅವರ ಪೆಟ್ಟಿಗೆಯಲ್ಲಿ ಒಂದು ಚಿನ್ನದ ಹೊಳಪಿನ ಪುಡಿ ಇತ್ತು. ಚೀಟಿಯ ಮೇಲೆ ನಾನ್-ಟಾಕ್ಸಿಕ್ (ವಿಷವಲ್ಲ), ಅಲಂಕಾರಕ್ಕೆ ಮಾತ್ರ ಅಂತ ಬರೆದಿತ್ತು. ನಾನ್-ಟಾಕ್ಸಿಕ್ ಅಂದರೆ ತಿನ್ನಬಹುದು ಅಂತಲ್ಲ. ಅಮೆರಿಕದ ರೋಡ್ ಐಲೆಂಡ್‌ನಲ್ಲಿ 2018ರಲ್ಲಿ ಇಂಥ ಹೊಳಪು ಪುಡಿ ಹಚ್ಚಿದ ಹುಟ್ಟುಹಬ್ಬದ ಕೇಕ್ ತಿಂದು 6 ಮಕ್ಕಳು ಹುಷಾರು ತಪ್ಪಿದರು. ಪುಡಿಯಲ್ಲಿ ಇದ್ದದ್ದು ತಾಮ್ರ. ತಿನ್ನಲು ಯೋಗ್ಯ ಅಂತ ಸ್ಪಷ್ಟವಾಗಿ ಬರೆದು, ಪದಾರ್ಥಗಳ ಪಟ್ಟಿ ಕೊಟ್ಟ ಪುಡಿ ಬಿಟ್ಟು ಬೇರೆ ಯಾವುದನ್ನೂ ಕೇಕಿನ ಹತ್ತಿರ ತರಬೇಡಿ. ಇದರಲ್ಲಿ ನನಗೆ ರಾಜಿಯೇ ಇಲ್ಲ.

ಏನಾಯಿತು

ಹೂವಿನ ಕೆಲಸ ಚೆನ್ನಾಗಿ ಸಾಗಿತು. ಎರಡು ಸಲ ಕರೆಂಟ್ ಹೋಯಿತು, ಒಮ್ಮೆ ಐದು ಗಂಟೆ. ಅಷ್ಟರಲ್ಲಿ ಪೂರ್ತಿ ಒಣಗಿದ ಹೂಗಳು ಗಾಳಿಯಾಡದ ಡಬ್ಬಿಯಲ್ಲಿದ್ದವು, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ನೀಲಿ ಬಣ್ಣದ ಸಿಲಿಕಾ ಜೆಲ್‌ನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷ. ಹಾಗಾಗಿ ಕಿತ್ತಳೆ ಬಣ್ಣದ್ದು ತರಿಸಿದೆವು, ಅದನ್ನೂ ಹೂವಿಗೆ ತಾಗದಂತೆ ಇಟ್ಟೆವು. ಮೊದಲ ಸಲ ಡಬ್ಬಿ ಹೂವನ್ನು ಕೆಡಿಸಿತ್ತು, ಈ ಸಲ ಉಳಿಸಿತು. ಹಸಿ ಹೂವನ್ನು ಮುಚ್ಚಿಟ್ಟರೆ ಅದರ ನೀರು ಅಲ್ಲೇ ಸುತ್ತುತ್ತದೆ. ಒಣಗಿದ್ದನ್ನು ಮುಚ್ಚಿಟ್ಟರೆ ಹೊರಗಿನ ನೀರು ಒಳಗೆ ಬರುವುದಿಲ್ಲ.

ಕೇಕ್ ಪ್ಲಮ್ ಕೇಕ್ ಆದದ್ದು ಒಂದು ಅದೃಷ್ಟ. ಅದಕ್ಕೆ ಫ್ರಿಜ್ ಬೇಡ. ಹಾಗಾಗಿ ಇಬ್ಬನಿಯ ಕಾಟವೂ ಇಲ್ಲ. ತೊಂದರೆ ಬಂದದ್ದು ಕಪ್ ಕೇಕಿನಲ್ಲಿ. ಹೂವನ್ನು ಮದುವೆ ಹಾಲ್‌ಗೆ ಹೋದ ಮೇಲೆಯೇ ಇಡಬೇಕು ಅಂತ ಮಾತಾಗಿತ್ತು. ಹಿಂದಿನ ರಾತ್ರಿ ಹನ್ನೊಂದು ಗಂಟೆಗೆ, ಬೆಳಗಿನ ಗಡಿಬಿಡಿ ಸ್ವಲ್ಪ ಕಡಿಮೆಯಾಗಲಿ ಅಂತ ಲತಾ 24 ಕಪ್ ಕೇಕಿಗೆ ಹೂವು ಇಟ್ಟು ಫ್ರಿಜ್‌ಗೆ ಸೇರಿಸಿದರು. ಬೆಳಿಗ್ಗೆ ಆ 24ರ ಎಸಳುಗಳು ಜೋತು ಬಿದ್ದಿದ್ದವು, ಗುಲಾಬಿ ಬಣ್ಣ ಬಿಳಿ ಬಟರ್‌ಕ್ರೀಮ್‌ಗೆ ಇಳಿದು ಕಲೆಯಾಗಿತ್ತು. ಬಟರ್‌ಕ್ರೀಮ್‌ನ ನೀರು ಕೆಳಗಿನಿಂದ, ಇಬ್ಬನಿ ಮೇಲಿನಿಂದ.

ಅವರನ್ನು ಕಾಪಾಡಿದ್ದು ಒಂದು ಲೆಕ್ಕ. 60 ಬೇಕಾದ ಕಡೆ 90 ಹೂವು ಮಾಡಿಟ್ಟಿದ್ದರು. ಕೆಟ್ಟದ್ದನ್ನು ತೆಗೆದು, ಕ್ರೀಮ್ ಮೇಲ್ಪದರ ಕೆರೆದು ಹೊಸದಾಗಿ ಹಾಕಿದರು. ಉಳಿದ 66 ಹೂವಿನ ತಳಕ್ಕೆ ಕರಗಿಸಿದ ಬಿಳಿ ಚಾಕೊಲೇಟ್ ತೆಳ್ಳಗೆ ಬಳಿದು ಆರಿಸಿದರು. ಚಾಕೊಲೇಟಿನ ಕೊಬ್ಬು ನೀರನ್ನು ತಡೆಯುತ್ತದೆ. ಅವನ್ನು ಹಾಲ್‌ನಲ್ಲಿ, ಬಡಿಸುವ ಅರ್ಧ ಗಂಟೆ ಮೊದಲು ಇಟ್ಟರು. ಒಂದೂ ಜೋತು ಬೀಳಲಿಲ್ಲ.

ಗುಲಾಬಿಗಳು ಬೇರೆಯೇ ಡಬ್ಬಿಯಲ್ಲಿ, ಎಸಿ ಹಾಕಿದ ಕಾರಿನಲ್ಲಿ ಹೋದವು. ತಂತಿಯನ್ನು ನೇರ ಕೇಕಿಗೆ ಚುಚ್ಚಲಿಲ್ಲ. ಅದಕ್ಕೆಂದೇ ಸಿಗುವ ಪ್ಲಾಸ್ಟಿಕ್ ಕೊಳವೆ ಚುಚ್ಚಿ, ಅದರೊಳಗೆ ತಂತಿ ನಿಲ್ಲಿಸಿದರು. ಸಂಜೆ ಆರಕ್ಕೆ ಇಟ್ಟ ಹೂಗಳಲ್ಲಿ ರಾತ್ರಿ ಒಂಬತ್ತರ ಹೊತ್ತಿಗೆ ಎರಡರ ಹೊರ ಎಸಳು ಸ್ವಲ್ಪ ತಗ್ಗಿದ್ದವು, ಬಾಗಿಲ ಕಡೆಗೆ ಇದ್ದ ಎರಡು. ಉಳಿದ ಐದು ಹಾಗೇ ಇದ್ದವು. ಮಲ್ಲಿಗೆಯಲ್ಲಿ ಒಂದು ಮೊಗ್ಗೂ ಕದಲಲಿಲ್ಲ.

ಕೇಕ್ ಕತ್ತರಿಸುವ ಮೊದಲು ಲತಾ ಗುಲಾಬಿಗಳನ್ನು ತೆಗೆದು ಎಣಿಸಿದರು. ಆರು! ತಂತಿ ಇರುವ ಹೂವು ಒಂದು ಕಾಣೆ. ಯಾವುದಾದರೂ ಮಗು ಎತ್ತಿಕೊಂಡು ಬಾಯಿಗೆ ಹಾಕಿದ್ದರೆ? ಆ ಹತ್ತು ನಿಮಿಷ ಅವರು ಟೇಬಲ್ ಕೆಳಗೆ, ಕುರ್ಚಿಗಳ ನಡುವೆ, ಮಕ್ಕಳ ಕೈಗಳಲ್ಲಿ ಹುಡುಕಿದರು. ಹುಡುಗಿಯ ತಾಯಿ ಬಂದು ಏನೆಂದು ಕೇಳಿ, ತಮ್ಮ ಪರ್ಸ್ ತೆರೆದು ತೋರಿಸಿದರು. ಟಿಶ್ಯೂ ಕಾಗದದಲ್ಲಿ ಸುತ್ತಿದ ಗುಲಾಬಿ. ನೆನಪಿಗೆ ಇರಲಿ ಅಂತ ಎತ್ತಿಟ್ಟುಕೊಂಡಿದ್ದರು.

ಈ ಪ್ರಕರಣದಿಂದ ಬದಲಾದದ್ದು

ನಾವು ತಿನ್ನುವ ಹೂವು ಅಂತ ಹೇಳಿ ಮಾರುತ್ತೇವೆ. ತಂತಿ, ಟೇಪ್ ಇರುವ ಗುಲಾಬಿ ತಿನ್ನುವ ಹೂವಲ್ಲ. ಸಕ್ಕರೆಯಿಂದ ಮಾಡಿದ್ದು ಅಷ್ಟೆ. ಇದನ್ನು ಬಾಯಲ್ಲಿ ಹೇಳಿದರೆ ಸಾಲದು. ಲತಾ ಈಗ ಕೇಕಿನ ಜೊತೆ ಒಂದು ಚೀಟಿ ಕೊಡುತ್ತಾರೆ: ತಂತಿ ಇರುವ ಹೂವು ಎಷ್ಟು, ಎಲ್ಲೆಲ್ಲಿ ಇವೆ, ಕತ್ತರಿಸುವ ಮೊದಲು ಅಷ್ಟನ್ನೂ ತೆಗೆದು ಎಣಿಸಬೇಕು. ಒಂದು ಪ್ರತಿ ಮನೆಯವರಿಗೆ, ಇನ್ನೊಂದು ಬಡಿಸುವವರಿಗೆ. ನನ್ನ ಎಲ್ಲ ವಿದ್ಯಾರ್ಥಿಗಳಿಗೂ ಈಗ ಇದನ್ನೇ ಹೇಳುತ್ತೇನೆ.

ಆರ್ಡರ್ ತೆಗೆದುಕೊಳ್ಳುವಾಗ ಅವರು ಕೇಳುವ ಮೊದಲ ಪ್ರಶ್ನೆಯೂ ಬದಲಾಗಿದೆ. ಯಾವ ಹೂವು ಅಂತ ಕೇಳುವ ಮೊದಲು ಯಾವ ತಿಂಗಳು, ಹಾಲ್‌ನಲ್ಲಿ ಎಸಿ ಇದೆಯಾ, ಬಾಗಿಲು ಯಾವ ಕಡೆ ಅಂತ ಕೇಳುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೊಗ್ಗು, ಪುಟ್ಟ ಹೂವು, ಗುಲಾಬಿ. ಪಿಯೊನಿ ಬೇಕಾದರೆ ಡಿಸೆಂಬರ್ ನಂತರ. ಕಳೆದ ವರ್ಷ ಜುಲೈಗೆ ಪಿಯೊನಿ ಕೇಳಿದ ಒಬ್ಬರಿಗೆ ಆಗುವುದಿಲ್ಲ ಅಂದರು. ಅವರು ಬೇರೆಯವರ ಹತ್ತಿರ ಹೋದರು. ಲತಾಗೆ ಬೇಸರವಾಯಿತು, ಆದರೆ ಮಾತು ಬದಲಿಸಲಿಲ್ಲ.

ದುಡ್ಡಿನ ವಿಷಯವೂ ಹೇಳಬೇಕು. ಆ ಆರ್ಡರ್‌ನಲ್ಲಿ ಹೂವಿನ ಕೂಲಿಯನ್ನು ಅವರು ಕೇಕಿನ ಬೆಲೆಯಲ್ಲೇ ಸೇರಿಸಿದ್ದರು. 18 ದಿನದ ಎಸಿ ಬಿಲ್, ಹಾಳಾದ ಸಾಮಾನು, ಹನ್ನೊಂದು ದಿನದ ದುಡಿಮೆ ಎಲ್ಲ ಕೈಯಿಂದಲೇ ಹೋಯಿತು. ಈಗ ಹೂವಿಗೆ ಬೇರೆ ಲೆಕ್ಕ, ಮಳೆಗಾಲಕ್ಕೆ ಒಣಗಿಸುವ ಖರ್ಚು ಬೇರೆ, ಮೂರನೇ ಒಂದರಷ್ಟು ಹೆಚ್ಚುವರಿ ಹೂವಿನ ಖರ್ಚೂ ಅದರಲ್ಲೇ. ಗಿರಾಕಿಗಳು ಚೌಕಾಸಿ ಮಾಡುತ್ತಾರೆ. ಮೊಗ್ಗು ಮಾಡುವ ವಿಡಿಯೊ ಒಂದು ತೋರಿಸಿದರೆ ಹೆಚ್ಚಿನವರು ಸುಮ್ಮನಾಗುತ್ತಾರೆ.

ಇನ್ನೂ ಬಗೆಹರಿಯದ್ದು ಒಂದಿದೆ. ಮೊಟ್ಟೆ ಬೇಡ ಅನ್ನುವ ಮನೆಗಳಿಂದ ಈಗ ಆರ್ಡರ್ ಬರುತ್ತಿದೆ. ಮೆರಾಂಗ್ ಪುಡಿಯೂ ಮೊಟ್ಟೆಯೇ, ಹಾಗಾಗಿ ಅದನ್ನು ಬಳಸುವಂತಿಲ್ಲ. ನೀರು ಮತ್ತು ಟೈಲೋಸ್‌ನಿಂದ ಮಾಡಿದ ಹಿಟ್ಟು ಬೇಸಿಗೆಯಲ್ಲಿ ಚೆನ್ನಾಗಿ ಬಂತು. ಮೊನ್ನೆ ಮಳೆ ಹಿಡಿದ ಮೇಲೆ ಲತಾ ಮತ್ತೆ ನಾಲ್ಕು ತಟ್ಟೆ ಜೋಡಿಸಿದ್ದಾರೆ, ಎರಡು ಅಡುಗೆಮನೆಯಲ್ಲಿ, ಎರಡು ಅತ್ತೆಯವರ ಕೋಣೆಯಲ್ಲಿ. ನಾಳೆ ಬೆಳಿಗ್ಗೆ ತಟ್ಟಿ ಸದ್ದು ಕೇಳಿಸುತ್ತೇನೆ ಅಂದಿದ್ದಾರೆ.